ಅರ್ಚಿನ್ ವಯಸ್ಸಿಗೆ ಸಾಕ್ಷಿ ಯಾರು?

ಪುಣೆಯಲ್ಲಿ ಮನೆ ಕಟ್ಟಲು ಪಾಯ ತೋಡಿದರೆ ಸಿಗುವುದು ಕರಿಕಲ್ಲು. ಪರ್ವತಿ ಗುಡ್ಡ ಅದೇ ಕಲ್ಲು. ವೇತಾಳ ಟೇಕಡಿ ಅದೇ ಕಲ್ಲು. ಶಿವಾಜಿನಗರದ ಗದ್ದಲದ ನಡುವೆ ಪಾತಾಳೇಶ್ವರನ ಗುಹಾಲಯವಿದೆ. ಅದನ್ನು ಕೊರೆದದ್ದೂ ಅದೇ ಕಲ್ಲಿನಲ್ಲಿ. ಈ ಕಲ್ಲಿಗೆ ಬಸಾಲ್ಟ್ ಎಂದು ಹೆಸರು. ಬೆಳಗಾವಿ, ವಿಜಯಪುರದ ಕಡೆಯವರಿಗೆ ಇದು ಹೊಸದಲ್ಲ. ಗೋಳಗುಮ್ಮಟಕ್ಕೆ ಬಳಸಿದ್ದೂ ಈ ಜಾತಿಯ ಕಲ್ಲೇ. ನೆಲದ ಬಿರುಕುಗಳಿಂದ ಉಕ್ಕಿ ಹರಿದ ಲಾವಾ ಆರಿ, ಗಟ್ಟಿಯಾಗಿ, ಪದರದ ಮೇಲೆ ಪದರ ಕೂತು ಈ ಕಲ್ಲಾಯಿತು. ಅಂಥ ಲಾವಾದೊಳಗೆ ಕಡಲಜೀವಿಯನ್ನು ಹುಡುಕಿ ಪ್ರಯೋಜನವಿಲ್ಲ.

ಆದರೂ ಭಾರತದ ಹಳೆಯ ಕಡಲಜೀವಿಗಳ ಬಗ್ಗೆ ಒಳ್ಳೆಯ ಕೆಲಸ ನಡೆದ ಊರುಗಳಲ್ಲಿ ಪುಣೆಯೂ ಒಂದು. ಇಲ್ಲಿನ ಗೋಪಾಲ ಗಣೇಶ ಆಗರಕರ್ ರಸ್ತೆಯಲ್ಲಿ ಒಂದು ಸಂಶೋಧನಾ ಸಂಸ್ಥೆಯಿದೆ. 1946ರಲ್ಲಿ ಮಹಾರಾಷ್ಟ್ರ ವಿಜ್ಞಾನ ವರ್ಧಿನಿ ಅದನ್ನು ಶುರುಮಾಡಿತು. ಅದಕ್ಕೆ ಬುನಾದಿ ಹಾಕಿದವರು ಸಸ್ಯವಿಜ್ಞಾನಿ ಶಂಕರ ಪುರುಷೋತ್ತಮ ಅಘಾರ್ಕರ್. 1992ರಿಂದ ಸಂಸ್ಥೆಗೆ ಅವರ ಹೆಸರೇ ಇದೆ. ಗಿಡಮರ, ಸೂಕ್ಷ್ಮಜೀವಿಗಳ ಜೊತೆಗೆ ಪಳೆಯುಳಿಕೆಗಳ ಅಧ್ಯಯನಕ್ಕೂ ಅಲ್ಲಿ ಜಾಗ ಸಿಕ್ಕಿತು. ಜಿ. ಡಬ್ಲ್ಯು. ಚಿಪ್ಳೂಣಕರ್, ಆರ್. ಎಂ. ಬಡವೆ, ಎಂ. ಎ. ಘಾರೆ ಮುಂತಾದವರು ಅಲ್ಲಿ ಕೂತು ನರ್ಮದಾ ಕಣಿವೆಯ ಕಡಲಜೀವಿಗಳನ್ನು ಅಧ್ಯಯನ ಮಾಡಿದರು. ಅವುಗಳಲ್ಲಿ ಒಂದು ಗುಂಪಿನ ಕಥೆಯನ್ನು ಇವತ್ತು ಹೇಳುತ್ತೇನೆ. ಆ ಗುಂಪಿಗೆ ಸೀ ಅರ್ಚಿನ್ ಎನ್ನುತ್ತಾರೆ.

ನಾನು ಎತ್ತಿಕೊಳ್ಳುವ ಪ್ರಶ್ನೆ ಒಂದೇ. ಕಲ್ಲಾಗಿಹೋದ ಅರ್ಚಿನ್ನಿನ ವಯಸ್ಸು ಗೊತ್ತಾಗುವುದು ಹೇಗೆ?

ಮೊದಲು ಪ್ರಾಣಿಯ ಪರಿಚಯ. ಶಾಲೆಯ ಪುಸ್ತಕದಲ್ಲಿ ಕಂಟಕಚರ್ಮಿಗಳು ಎಂದು ಓದಿರುತ್ತೀರಿ. ನಕ್ಷತ್ರ ಮೀನು ಆ ಗುಂಪಿನದು. ಅರ್ಚಿನ್ನೂ ಅದೇ ಗುಂಪಿನದು. ಕಾರವಾರ, ಮಾಲವಣದ ಬಂಡೆ ಕರಾವಳಿಯಲ್ಲಿ ಇಳಿತದ ಹೊತ್ತಿಗೆ ಹೋದರೆ ಕಲ್ಲಿನ ಸಂದುಗಳಲ್ಲಿ ಕಪ್ಪು ಮುಳ್ಳಿನ ಉಂಡೆಗಳು ಕಾಣುತ್ತವೆ. ಅವೇ ಅರ್ಚಿನ್‌ಗಳು. ಮರಳ ತೀರದಲ್ಲಿ ಮಕ್ಕಳು ಇನ್ನೊಂದನ್ನು ಆರಿಸಿಕೊಂಡು ಬರುತ್ತಾರೆ. ಬಿಳಿ ಬಿಲ್ಲೆ. ಅದರ ಮೇಲೆ ಐದು ಎಸಳಿನ ಹೂವಿನ ಗುರುತು. ಅದೂ ಅರ್ಚಿನ್ನಿನ ಬಳಗವೇ. ಐದು ಎಂಬ ಎಣಿಕೆ ಈ ಇಡೀ ಗುಂಪಿನ ಮನೆತನದ ಗುರುತು.

ಈಗ ಒಂದು ಪಳೆಯುಳಿಕೆ ನಿಮ್ಮ ಅಂಗೈಯಲ್ಲಿದೆ ಎಂದುಕೊಳ್ಳಿ. ನೋಡಲಾಗದ ಕಾರಣ ನಾನೇ ಬಣ್ಣಿಸುತ್ತೇನೆ. ಸಣ್ಣ ನಿಂಬೆಹಣ್ಣಿನಷ್ಟು ದೊಡ್ಡದು. ಬಣ್ಣ ಮಾಸಲು ಹಳದಿ. ಮೇಲಿನಿಂದ ನೋಡಿದರೆ ಆಕಾರ ಹೃದಯದ್ದು. ಮುಂಭಾಗದಲ್ಲಿ ಒಂದು ತಗ್ಗು. ಬೆನ್ನಿನ ನಡುವಿನಿಂದ ಐದು ಗೆರೆಗಳು ಎಸಳುಗಳಂತೆ ಹರಡಿವೆ. ಉಗುರಿನಿಂದ ಸವರಿದರೆ ಎಸಳಿನ ಅಂಚಿನಲ್ಲಿ ಸಾಲುಸಾಲು ತೂತುಗಳು ತಗಲುತ್ತವೆ. ಜೋಡಿ ಜೋಡಿ ತೂತುಗಳು. ಬದುಕಿದ್ದಾಗ ಅವುಗಳ ಮೂಲಕ ಮೆತ್ತನೆಯ ಕೊಳವೆ ಪಾದಗಳು ಹೊರಬರುತ್ತಿದ್ದವು. ಉಸಿರಾಟಕ್ಕೂ ಅವೇ. ಮೈತುಂಬ ಸಾಸಿವೆಗಿಂತ ಸಣ್ಣ ಬೊಬ್ಬೆಗಳು. ಒಂದೊಂದು ಬೊಬ್ಬೆಯ ಮೇಲೂ ಒಂದೊಂದು ಮುಳ್ಳಿತ್ತು. ಪ್ರಾಣಿ ಸತ್ತ ಕೆಲವೇ ದಿನಗಳಲ್ಲಿ ಮುಳ್ಳು ಉದುರಿಹೋಗುತ್ತವೆ. ಗೂಡು ಉಳಿಯುತ್ತದೆ.

ತಿರುಗಿಸಿ ನೋಡಿ. ಕೆಳಗಡೆ ಮುಂದಕ್ಕೆ ಒಂದು ಬಾಯಿ. ಹಿಂದಿನ ಅಂಚಿನಲ್ಲಿ ಗುದದ್ವಾರ. ಬಂಡೆಯ ಮೇಲಿನ ಗುಂಡಗಿನ ಅರ್ಚಿನ್‌ಗೆ ಗುದದ್ವಾರ ನೆತ್ತಿಯಲ್ಲಿರುತ್ತದೆ. ಈ ಹೃದಯದ ಆಕಾರದ್ದಕ್ಕೆ ಅದು ಹಿಂದಕ್ಕೆ ಸರಿದಿದೆ. ಕಾರಣವಿದೆ. ಇದು ಕಡಲ ತಳದ ಮೆತ್ತನೆ ಮಣ್ಣಿನಲ್ಲಿ ಹೂತುಕೊಂಡು, ಮುಂದಕ್ಕೆ ಸಾಗುತ್ತ, ಮಣ್ಣು ತಿನ್ನುತ್ತ ಬದುಕುವ ಪ್ರಾಣಿ. ಕಸವೆಲ್ಲ ಹಿಂದೆ ಬೀಳಬೇಕು.

ಇನ್ನೊಂದು ಗುರುತು ಹೇಳುತ್ತೇನೆ. ಅರ್ಚಿನ್ನಿನ ಗೂಡು ಸಣ್ಣ ಸಣ್ಣ ಫಲಕಗಳನ್ನು ಜೋಡಿಸಿ ಕಟ್ಟಿದ್ದು. ಒಂದೊಂದು ಫಲಕವೂ ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜದ ಒಂದೇ ಹರಳಿನಂತೆ ವರ್ತಿಸುತ್ತದೆ. ಆದ್ದರಿಂದ ಪಳೆಯುಳಿಕೆ ಮುರಿದರೆ ಮುರಿದ ಮುಖ ಓರೆಯಾಗಿ, ನಯವಾಗಿ, ಬಿಸಿಲಿಗೆ ಫಳಕ್ಕನೆ ಹೊಳೆಯುತ್ತದೆ. ಚಿಪ್ಪಿನ ಚೂರು ಹಾಗೆ ಹೊಳೆಯುವುದಿಲ್ಲ. ಬಯಲಲ್ಲಿ ಓಡಾಡುವ ಭೂವಿಜ್ಞಾನಿ ಕಾಳಿನಷ್ಟು ಚೂರು ಸಿಕ್ಕರೂ ಆ ಹೊಳಪಿನಿಂದಲೇ ಇದು ಕಂಟಕಚರ್ಮಿ ಎಂದು ಹೇಳಿಬಿಡುತ್ತಾನೆ.

ಪ್ರಾಣಿ ಯಾವುದು ಎಂಬುದು ಗೊತ್ತಾಯಿತು. ಇನ್ನು ಅದು ಸಿಗುವ ಜಾಗ.

ಕರ್ನಾಟಕದಲ್ಲಿ ಇದನ್ನು ಹುಡುಕಬೇಡಿ. ನಮ್ಮಲ್ಲೂ ಕಡಲ ತಳದಲ್ಲಿ ಕೂತ ಸುಣ್ಣಕಲ್ಲಿದೆ. ಮನೆಮನೆಯ ನೆಲಕ್ಕೆ ಹಾಸುವ ಶಹಾಬಾದಿ ಕಲ್ಲು ಅದೇ. ಆದರೆ ಅದು ಬಹಳ ಹಳೆಯದು. ಭೂಮಿಯ ಮೇಲೆ ಕಂಟಕಚರ್ಮಿಗಳು ಹುಟ್ಟುವುದಕ್ಕೂ ಮುಂಚಿನದು. ಅದರಲ್ಲಿ ಅರ್ಚಿನ್ ಇರಲು ಸಾಧ್ಯವಿಲ್ಲ. ನಮಗೆ ಬೇಕಾದದ್ದು ಕ್ರಿಟೇಷಿಯಸ್ ಯುಗದ ಕಲ್ಲು. ಸುಮಾರು 14 ಕೋಟಿ 50 ಲಕ್ಷ ವರ್ಷಗಳ ಹಿಂದೆ ಶುರುವಾಗಿ ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಮುಗಿದ ಯುಗ ಅದು. ಡೈನೊಸಾರ್‌ಗಳ ಕೊನೆಯ ಯುಗ.

ಆ ಯುಗದ ಕಡಲಕಲ್ಲು ದಕ್ಷಿಣದಲ್ಲಿ ತಮಿಳುನಾಡಿನ ಅರಿಯಲೂರಿನ ಸುತ್ತ ಇದೆ. ಅಲ್ಲಿನ ಅರ್ಚಿನ್‌ಗಳನ್ನು 1846ರಲ್ಲಿ ಎಡ್ವರ್ಡ್ ಫೋರ್ಬ್ಸ್ ಲಂಡನ್ನಿನಲ್ಲಿ ಕೂತು ವರ್ಣಿಸಿದ. 1873ರಲ್ಲಿ ಫರ್ಡಿನಾಂಡ್ ಸ್ಟೋಲಿಚ್ಕ ಭಾರತದ ಭೂವೈಜ್ಞಾನಿಕ ಸರ್ವೇಕ್ಷಣೆಯ ಪರವಾಗಿ ಮತ್ತೆ ವರ್ಣಿಸಿದ. ಮರುವರ್ಷವೇ ಆತ ಮಧ್ಯ ಏಷ್ಯದ ಯಾತ್ರೆಯಿಂದ ಮರಳುವಾಗ ಲಡಾಖಿನ ಎತ್ತರದ ಹಾದಿಯಲ್ಲಿ ತೀರಿಕೊಂಡ. ಲೇಹ್‌ನಲ್ಲಿ ಅವನ ಸಮಾಧಿಯಿದೆ. ಅರಿಯಲೂರಿನ ಬಗ್ಗೆಯೇ ಒಂದು ಭಾಷಣ ಮಾಡಬಹುದು. ಇವತ್ತು ನಾನು ಹೋಗಬೇಕಾದದ್ದು ಉತ್ತರಕ್ಕೆ.

ಪುಣೆಯ ವಿಜ್ಞಾನಿಗಳು ಹೆಚ್ಚು ದುಡಿದದ್ದು ಮಧ್ಯಪ್ರದೇಶದ ಬಾಗ್ ಎಂಬ ಊರಿನ ಸುತ್ತ. ಧಾರ್ ಜಿಲ್ಲೆ. ಬಾಗ್ ಮುದ್ರಣದ ಸೀರೆ ಉಟ್ಟವರಿಗೆ ಆ ಹೆಸರು ಗೊತ್ತು. ಅಲ್ಲಿನ ಬೌದ್ಧ ಗುಹೆಗಳ ಭಿತ್ತಿಚಿತ್ರಗಳ ಬಗ್ಗೆಯೂ ಕೇಳಿರುತ್ತೀರಿ. ಬಾಗ್ ಇವತ್ತಿನ ಕಡಲಿನಿಂದ 200 ಕಿಲೋಮೀಟರಿಗೂ ಹೆಚ್ಚು ಒಳನಾಡಿನಲ್ಲಿದೆ. ಆದರೂ ಅಲ್ಲಿನ ಹಳ್ಳಗಳ ದಡದಲ್ಲಿ ಸಿಂಪಿಚಿಪ್ಪು, ಅರ್ಚಿನ್ ಸಿಗುತ್ತವೆ. ಕ್ರಿಟೇಷಿಯಸ್ ಯುಗದ ಒಂದು ಘಟ್ಟದಲ್ಲಿ ಜಗತ್ತಿನ ಕಡಲಮಟ್ಟ ಬಹಳ ಏರಿತ್ತು. ಆಗ ಪಶ್ಚಿಮದ ಕಡಲು ನರ್ಮದೆಯ ತಗ್ಗಿನ ಗುಂಟ ಒಳಗೆ ನುಗ್ಗಿ ಬಂತು. ಆಳವಿಲ್ಲದ, ಬೆಚ್ಚನೆಯ ಕಡಲು. ಬಹಳ ಕಾಲ ನಿಂತು ಹಿಂದೆ ಸರಿಯಿತು.

ಅಲ್ಲಿನ ಕಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಹೇಳುತ್ತೇನೆ. ತೀರ ಕೆಳಗೆ ನಿಮಾರ್ ಮರಳುಗಲ್ಲು. ಬಾಗ್ ಗುಹೆಗಳನ್ನು ಕೊರೆದದ್ದು ಇದರಲ್ಲಿ. ಅದರ ಮೇಲೆ ಗಂಟುಗಂಟಾದ ಸುಣ್ಣಕಲ್ಲು. ಅದರ ಮೇಲೆ ಸುಣ್ಣ ಬೆರೆತ ಮೆತ್ತನೆ ಮಣ್ಣುಕಲ್ಲು. ಅರ್ಚಿನ್‌ಗಳು ಹೇರಳವಾಗಿ ಸಿಗುವುದು ಇಲ್ಲಿ. ಅದರ ಮೇಲೆ ಕೋರಲೈನ್ ಸುಣ್ಣಕಲ್ಲು. ಹೆಸರಿನಲ್ಲಿ ಹವಳವಿದೆ. ಆದರೆ ಅದನ್ನು ತುಂಬಿರುವುದು ಬ್ರಯೊಜೋವಾ ಎಂಬ ಬೇರೆಯೇ ಪುಟ್ಟ ಜೀವಿಗಳ ಚೂರು. ಅದರ ಮೇಲೆ ಲಾಮೆಟಾ ಎಂಬ ನೆಲದ ಮೇಲೆ ಕೂತ ಕಲ್ಲು. ಡೈನೊಸಾರ್ ಮೊಟ್ಟೆಗಳು ಸಿಗುವುದು ಅದರಲ್ಲಿ. ಎಲ್ಲಕ್ಕೂ ಮೇಲೆ ಕರಿಕಲ್ಲು. ಪುಣೆಯ ಕೆಳಗಿರುವ ಅದೇ ಬಸಾಲ್ಟ್ ಬಳಗ.

ಈ ಪದರಗಳನ್ನು ಹೀಗೆ ವಿಂಗಡಿಸಿ ಬರೆದವರು ಪ್ರಮಥನಾಥ ಬೋಸ್. ಅವರ ವರದಿ ಬಂದದ್ದು 1884ರಲ್ಲಿ. ಇದೇ ಬೋಸ್ ಮುಂದೆ ಮಯೂರಭಂಜದ ಕಬ್ಬಿಣದ ಅದಿರನ್ನು ತೋರಿಸಿಕೊಟ್ಟರು. ಟಾಟಾ ಉಕ್ಕಿನ ಕಾರ್ಖಾನೆ ಜಮ್‌ಶೆಡ್‌ಪುರಕ್ಕೆ ಬಂದದ್ದು ಅದರಿಂದ. ಅದಿರು ತೋರಿಸಿದ್ದನ್ನು ದೇಶ ನೆನಪಿಟ್ಟಿದೆ. ಬಾಗ್ ಪದರಗಳನ್ನು ಬಿಡಿಸಿಟ್ಟದ್ದೂ ನನ್ನ ಎಣಿಕೆಯಲ್ಲಿ ಅಷ್ಟೇ ದೊಡ್ಡ ಕೆಲಸ.

ಹೀಗೆ ಪ್ರಾಣಿ ಅರ್ಚಿನ್, ಜಾಗ ಬಾಗ್. ಇಷ್ಟು ಮನಸ್ಸಿನಲ್ಲಿರಲಿ. ಈಗ ವಯಸ್ಸಿನ ಪ್ರಶ್ನೆಗೆ ಬರೋಣ.

ಪಳೆಯುಳಿಕೆ ಎಂದ ಕೂಡಲೇ ಬಹಳ ಜನ ಕಾರ್ಬನ್ ಪರೀಕ್ಷೆ ಮಾಡಿಸಿದಿರಾ ಎಂದು ಕೇಳುತ್ತಾರೆ. ಆ ಪರೀಕ್ಷೆ ಇಲ್ಲಿ ನಡೆಯದು. ಕಾರ್ಬನ್ 14 ಎಂಬ ಪರಮಾಣು ಸುಮಾರು 5,700 ವರ್ಷಗಳಿಗೊಮ್ಮೆ ಅರ್ಧಕ್ಕರ್ಧ ಕರಗುತ್ತ ಹೋಗುತ್ತದೆ. 50,000 ವರ್ಷ ಕಳೆಯುವ ಹೊತ್ತಿಗೆ ಅಳೆಯಲು ಏನೂ ಉಳಿದಿರುವುದಿಲ್ಲ. ನಮ್ಮ ಅರ್ಚಿನ್ ಲಕ್ಷಗಳ ಲೆಕ್ಕದ್ದಲ್ಲ, ಕೋಟಿಗಳ ಲೆಕ್ಕದ್ದು.

ಹಾಗಾದರೆ ಅರ್ಚಿನ್ನಿನ ಮೈಯಲ್ಲೇ ಬೇರೆ ಗುರುತು ಇಲ್ಲವೇ? ಕಡಲ ನೀರಿನಲ್ಲಿ ಸ್ಟ್ರಾನ್ಶಿಯಂ ಎಂಬ ಧಾತು ಇದೆ. ಅದರಲ್ಲಿ ಹಗುರ, ಭಾರ ಎಂಬ ಬಗೆಗಳಿವೆ. ಯಾವುದೇ ಒಂದು ಕಾಲದಲ್ಲಿ ಜಗತ್ತಿನ ಎಲ್ಲ ಕಡಲುಗಳಲ್ಲೂ ಅವುಗಳ ಪ್ರಮಾಣ ಒಂದೇ. ಕಾಲ ಸರಿದಂತೆ ಆ ಪ್ರಮಾಣ ನಿಧಾನವಾಗಿ ಬದಲಾಗುತ್ತದೆ. ಚಿಪ್ಪು ಬೆಳೆಯುವಾಗ ಆ ಪ್ರಮಾಣವನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಸಿಂಪಿಯ ದಪ್ಪ ಚಿಪ್ಪಿನಲ್ಲಿ ಅದು ಚೆನ್ನಾಗಿ ಉಳಿಯುತ್ತದೆ. ಅರ್ಚಿನ್ನಿನಲ್ಲಿ ಉಳಿಯುವುದಿಲ್ಲ. ಅರ್ಚಿನ್ನಿನ ಕ್ಯಾಲ್ಸೈಟಿನಲ್ಲಿ ಮೆಗ್ನೀಸಿಯಂ ಹೆಚ್ಚು. ಅಂಥ ಕ್ಯಾಲ್ಸೈಟ್ ನೆಲದೊಳಗೆ ನೀರು ತಾಗಿದಾಗ ಮಾರ್ಪಡುತ್ತದೆ. ಮೆಗ್ನೀಸಿಯಂ ಬಿಟ್ಟುಹೋಗುತ್ತದೆ. ಬದುಕಿದ್ದಾಗ ಗೂಡು ಸ್ಪಂಜಿನಂತೆ ತೂತುತೂತಾಗಿತ್ತು. ಆ ತೂತುಗಳಲ್ಲಿ ಹೊಸ ಕ್ಯಾಲ್ಸೈಟ್ ತುಂಬಿಕೊಳ್ಳುತ್ತದೆ. ಆಕಾರ ಹಾಗೇ ಉಳಿಯುತ್ತದೆ. ಒಳಗಿನ ಲೆಕ್ಕ ಕಲಸಿಹೋಗುತ್ತದೆ. ಇಷ್ಟು ಚೆನ್ನಾಗಿ ಆಕಾರ ಉಳಿಸಿಕೊಳ್ಳುವ ಪ್ರಾಣಿ ತನ್ನ ವಯಸ್ಸನ್ನು ಮಾತ್ರ ಉಳಿಸಿಕೊಂಡಿಲ್ಲ.

ಆದ್ದರಿಂದ ಬೇರೆಯವರ ಸಾಕ್ಷಿ ಕೇಳಬೇಕು. ಮನೆಯಲ್ಲಿ ತಾರೀಖಿಲ್ಲದ ಹಳೆಯ ಮದುವೆ ಫೋಟೊ ಇರುತ್ತದೆ. ಅದು ಯಾವ ವರ್ಷದ್ದೆಂದು ಹೇಗೆ ಹೇಳುತ್ತೇವೆ? ತಾತ ಇದ್ದಾರೆ, ಅಂದರೆ ಅವರು ತೀರಿಕೊಳ್ಳುವ ಮುಂಚಿನದು. ಚಿಕ್ಕಮ್ಮನ ತೊಡೆಯ ಮೇಲೆ ಮಗುವಿದೆ, ಅಂದರೆ ಆ ಮಗು ಹುಟ್ಟಿದ ಮೇಲಿನದು. ಎರಡು ಗಡಿ ಸಿಕ್ಕಿದವು. ವರ್ಷ ಅವುಗಳ ನಡುವೆ ಎಲ್ಲೋ ಇದೆ. ಪಳೆಯುಳಿಕೆಯ ವಯಸ್ಸು ತಿಳಿಯುವುದೂ ಹೀಗೇ.

ಮೊದಲ ಸಾಕ್ಷಿ ಮೇಲಿನ ಕರಿಕಲ್ಲು. ಕೆಳಗಿನ ಪದರ ಮೊದಲು ಕೂತದ್ದು, ಮೇಲಿನದು ಆಮೇಲೆ ಬಂದದ್ದು. ಬಸಾಲ್ಟಿನ ವಯಸ್ಸು ಗೊತ್ತಾದರೆ ಅದರ ಕೆಳಗಿನ ಸುಣ್ಣಕಲ್ಲು ಅದಕ್ಕಿಂತ ಹಳೆಯದು ಎಂಬುದು ಖಚಿತ. ಬಸಾಲ್ಟಿನ ವಯಸ್ಸು ನಮಗೆ ಚೆನ್ನಾಗಿ ಗೊತ್ತು. ಪಶ್ಚಿಮ ಘಟ್ಟದ ಲಾವಾ ಪದರಗಳ ನಡುವೆ ಸಿಕ್ಕ ಜಿರ್ಕಾನ್ ಹರಳುಗಳನ್ನು ಅಳೆದು 2015ರಲ್ಲಿ ಒಂದು ತಂಡ ಲೆಕ್ಕ ಕೊಟ್ಟಿತು. ಮುಖ್ಯ ಲಾವಾ ಪ್ರವಾಹ ಹರಿದದ್ದು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ. ಜಿರ್ಕಾನ್ ಹುಟ್ಟುವಾಗ ಒಂದಿಷ್ಟು ಯುರೇನಿಯಂ ಹಿಡಿದುಕೊಳ್ಳುತ್ತದೆ. ಅದು ಗೊತ್ತಾದ ವೇಗದಲ್ಲಿ ಸೀಸವಾಗುತ್ತದೆ. ಎಷ್ಟು ಸೀಸವಾಗಿದೆ ಎಂದು ನೋಡಿದರೆ ಎಷ್ಟು ಕಾಲವಾಗಿದೆ ಎಂದು ತಿಳಿಯುತ್ತದೆ.

ಪುಣೆಯ ಕಲ್ಲು ನಮಗೆ ಒಂದು ಗಡಿ ಹಾಕಿಕೊಟ್ಟಿತು. ಬಾಗ್ ಅರ್ಚಿನ್ 6 ಕೋಟಿ 60 ಲಕ್ಷ ವರ್ಷಕ್ಕಿಂತ ಹಳೆಯದು. ಆದರೆ ಎಷ್ಟು ಹಳೆಯದು? ಬಸಾಲ್ಟ್ ಅದನ್ನು ಹೇಳಲಾರದು. ಸುಣ್ಣಕಲ್ಲು ಕೂತದ್ದಕ್ಕೂ ಲಾವಾ ಬಂದದ್ದಕ್ಕೂ ನಡುವೆ ಎಷ್ಟು ಕಾಲ ಹೋಗಿದೆಯೋ ಅದರಲ್ಲಿ ಗುರುತಿಲ್ಲ. ಆದ್ದರಿಂದ ಎರಡನೆಯ ಸಾಕ್ಷಿ ಬೇಕು. ಅದೇ ಪದರದಲ್ಲಿ ಜೊತೆಗೆ ಸತ್ತ ನೆರೆಯವರು.

ಇಲ್ಲಿ ಒಂದು ಹಳೆಯ ಕಥೆ ಹೇಳಲೇಬೇಕು. ಬಾಗ್ ಪಳೆಯುಳಿಕೆಗಳನ್ನು ಮೊದಲು ಸಂಗ್ರಹಿಸಿದವನು ಕೀಟಿಂಗ್ ಎಂಬ ಬ್ರಿಟಿಷ್ ಅಧಿಕಾರಿ. ಆ ಅರ್ಚಿನ್‌ಗಳನ್ನು 1865ರಲ್ಲಿ ಮಾರ್ಟಿನ್ ಡಂಕನ್ ಎಂಬ ವಿದ್ವಾಂಸ ಲಂಡನ್ನಿನಲ್ಲಿ ವರ್ಣಿಸಿದ. ಜೊತೆಗೆ ಅರೇಬಿಯಾದ ಆಗ್ನೇಯ ಕರಾವಳಿಯಿಂದ ಬಂದ ಅರ್ಚಿನ್‌ಗಳನ್ನೂ ನೋಡಿದ. ಯುರೋಪಿನ ಅರ್ಚಿನ್‌ಗಳು ಅವನಿಗೆ ಚಿರಪರಿಚಿತ. ಬಾಗ್‌ನವು ಅವುಗಳನ್ನು ಬಹಳ ಹೋಲುತ್ತವೆ ಎಂದು ಕಂಡಿತು. ಯುರೋಪಿನ ಹೆಸರುಗಳನ್ನೇ ಕೆಲವಕ್ಕೆ ಇಟ್ಟ. ಹಾಗಾದರೆ ವಯಸ್ಸೂ ಅವುಗಳದ್ದೇ ಎಂದ. ಅದು ಸಿನೊಮೇನಿಯನ್ ಎಂಬ ಕಾಲಖಂಡ. ಸುಮಾರು 10 ಕೋಟಿಯಿಂದ 9 ಕೋಟಿ 40 ಲಕ್ಷ ವರ್ಷಗಳ ಹಿಂದಿನದು.

ಚಿಪ್ಳೂಣಕರ್ 1937 ಮತ್ತು 1939ರಲ್ಲಿ ಬಾಗ್ ಅರ್ಚಿನ್‌ಗಳ ಮೇಲೆ ಎರಡು ಲೇಖನ ಬರೆದರು. ಅವು ಅಚ್ಚಾದದ್ದು ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ಸಿ. ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಅಕಾಡೆಮಿ ಅದು. ಮುಂದೆ ಪುಣೆಯಲ್ಲಿ ಅವರೂ ಅವರ ಸಂಗಡಿಗರೂ ಸಿಂಪಿ, ಶಂಖ, ಬ್ರಯೊಜೋವಾ ಎಲ್ಲವನ್ನೂ ಕೈಗೆತ್ತಿಕೊಂಡರು. 1977ರಲ್ಲಿ ಚಿಪ್ಳೂಣಕರ್, ಘಾರೆ, ಬಡವೆ ಮೂವರೂ ಸೇರಿ ಬಾಗ್ ಜೀವಿಗಳ ವಯಸ್ಸು, ನಂಟುಗಳ ಬಗ್ಗೆ ಒಟ್ಟಾರೆ ವಿಮರ್ಶೆಯೊಂದನ್ನು ಪ್ರಕಟಿಸಿದರು. ವಾದ ನಿಲ್ಲಲಿಲ್ಲ. ಒಬ್ಬರು ಹಳೆಯದೆಂದರು, ಇನ್ನೊಬ್ಬರು ಈಚಿನದೆಂದರು. 2010ರಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಆಂಡ್ರ್ಯೂ ಸ್ಮಿತ್ ಬಾಗ್ ಅರ್ಚಿನ್‌ಗಳನ್ನು ಮತ್ತೆ ಪರಿಶೀಲಿಸಿ ಬರೆದರು. ಅವರು ಕೊಟ್ಟ ಕಾಲಖಂಡ ಟ್ಯುರೋನಿಯನ್. ಸಿನೊಮೇನಿಯನ್ ಮುಗಿದ ಮೇಲೆ ಬರುವುದು ಅದು. ಸುಮಾರು 9 ಕೋಟಿ 40 ಲಕ್ಷದಿಂದ 9 ಕೋಟಿ ವರ್ಷಗಳ ಹಿಂದಿನದು.

ಡಂಕನ್ ಎಡವಿದ್ದು ಎಲ್ಲಿ? ಅವನ ಕಣ್ಣು ಚುರುಕಾಗಿತ್ತು. ವರ್ಣನೆಯೂ ಒಳ್ಳೆಯದೇ. ಆದರೆ ಅರ್ಚಿನ್ ಕಡಲ ತಳಕ್ಕೆ ಅಂಟಿಕೊಂಡ ಪ್ರಾಣಿ. ಮೆತ್ತನೆ ಮಣ್ಣು ಸಿಕ್ಕಲ್ಲಿ ಹೂತುಕೊಳ್ಳುವ ಜಾತಿಗಳು ಬೆಳೆಯುತ್ತವೆ. ಬಂಡೆ ಸಿಕ್ಕಲ್ಲಿ ಗುಂಡಗಿನವು. ಒಂದೇ ಬಗೆಯ ತಳದಲ್ಲಿ ಬದುಕಿದವು ಬೇರೆ ಬೇರೆ ಕಾಲದವಾದರೂ ಒಂದನ್ನೊಂದು ಹೋಲುತ್ತವೆ. ಹೋಲಿಕೆ ಬಂದದ್ದು ಕಾಲದಿಂದಲೋ ಮಣ್ಣಿನಿಂದಲೋ ಎಂದು ದೂರದಲ್ಲಿ ಕೂತು ಹೇಳುವುದು ಕಷ್ಟ. ಮೇಲಾಗಿ ಒಳನಾಡಿಗೆ ನುಗ್ಗಿದ ಕಿರಿದಾದ ಕಡಲಿನಲ್ಲಿ ಸ್ಥಳೀಯ ಜಾತಿಗಳೇ ಹೆಚ್ಚು ಬೆಳೆಯುತ್ತವೆ.

ಹಾಗೆಂದು ಅರ್ಚಿನ್ ಕಾಲ ಹೇಳಲು ಬಾರದ ಪ್ರಾಣಿ ಎಂದು ತಿಳಿಯಬೇಡಿ. ಇಂಗ್ಲೆಂಡಿನ ಸೀಮೆಸುಣ್ಣದ ಬಿಳಿ ಬಂಡೆಗಳಲ್ಲಿ ಮೈಕ್ರಾಸ್ಟರ್ ಎಂಬ ಹೃದಯದ ಆಕಾರದ ಅರ್ಚಿನ್ ಇದೆ. ಮಾರ್ಗೇಟ್ ಎಂಬ ಊರಿನ ವೈದ್ಯ ಆರ್ಥರ್ ರೋ ಅದರ ಮೇಲೆ 1899ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ. ಅವನು ಕಂಡುಕೊಂಡ ಉಪಾಯ ಬಹಳ ಸರಳ. ಪ್ರತಿ ಅರ್ಚಿನ್ ಬಂಡೆಯ ಯಾವ ಮಟ್ಟದಿಂದ ಬಂತು ಎಂದು ತಪ್ಪದೆ ಬರೆದಿಟ್ಟ. ಆಮೇಲೆ ಕೆಳಗಿನಿಂದ ಮೇಲಕ್ಕೆ ಸಾಲಾಗಿ ಜೋಡಿಸಿದ. ಮೇಲಕ್ಕೆ ಹೋದಂತೆ ಬಾಯಿ ಮುಂದಕ್ಕೆ ಸರಿಯುತ್ತ ಬಂತು. ಬಾಯಿಯ ಹಿಂದಿನ ತುಟಿ ಚಾಚಿಕೊಳ್ಳುತ್ತ ಬಂತು. ಬೆನ್ನಿನ ಎಸಳುಗಳ ವಿವರ ಮಾರ್ಪಡುತ್ತ ಬಂತು. ಮೈಕ್ರಾಸ್ಟರ್‌ನ ಒಂದು ಚೂರು ಸಿಕ್ಕರೂ ಅದು ಬಂಡೆಯ ಯಾವ ಮಟ್ಟದ್ದೆಂದು ಹೇಳುವಂತಾಯಿತು. ಅಲ್ಲಿ ಕಡಲ ತಳ ಬಹಳ ಕಾಲ ಒಂದೇ ಬಗೆಯದಾಗಿತ್ತು, ಪದರಗಳು ಎಡೆಬಿಡದೆ ಕೂತವು. ಆದ್ದರಿಂದ ಅದು ಸಾಧ್ಯವಾಯಿತು. ಬಾಗ್‌ನಲ್ಲಿ ಸುಣ್ಣಕಲ್ಲು ತೆಳುವು. ತಳದ ಬಗೆ ಪದರದಿಂದ ಪದರಕ್ಕೆ ಬದಲಾಗುತ್ತದೆ. ಅಲ್ಲಿ ಅರ್ಚಿನ್ನೊಂದನ್ನೇ ನಂಬಿ ಕೂರಲಾಗದು.

ಇಲ್ಲಿಯವರೆಗೆ ಹೇಳಿದ್ದನ್ನು ಒಮ್ಮೆ ನೋಡೋಣ. ಅರ್ಚಿನ್ನಿನ ಮೈಯ ರಸಾಯನ ಕಲಸಿಹೋಗಿದೆ. ಮೇಲಿನ ಬಸಾಲ್ಟ್ ಒಂದು ಗಡಿಯನ್ನಷ್ಟೇ ಹೇಳುತ್ತದೆ. ಅರ್ಚಿನ್ ಬರಿಯ ಹೋಲಿಕೆಯಿಂದ ದಾರಿ ತಪ್ಪಿಸಬಹುದು. ಉಳಿದದ್ದು ನೆರೆಯವರು. ಅವರಲ್ಲಿ ಎಲ್ಲರಿಗಿಂತ ಒಳ್ಳೆಯ ಸಾಕ್ಷಿ ಅಮೊನೈಟ್.

ಅಮೊನೈಟ್ ನಿಮ್ಮಲ್ಲಿ ಅನೇಕರ ದೇವರ ಮನೆಯಲ್ಲಿದೆ. ಗಂಡಕಿ ನದಿಯಿಂದ ಬರುವ ಸಾಲಿಗ್ರಾಮ ಅಮೊನೈಟಿನ ಪಳೆಯುಳಿಕೆ. ಸುರುಳಿ ಸುತ್ತಿದ ಚಿಪ್ಪಿನೊಳಗೆ ಇದ್ದ, ಇವತ್ತಿನ ಬೊಂಡಾಸ್ ಮೀನಿನ ದೂರದ ನೆಂಟ. ಅದು ತಳಕ್ಕೆ ಅಂಟಿಕೊಂಡಿರಲಿಲ್ಲ. ನೀರಿನಲ್ಲಿ ಈಜುತ್ತಿತ್ತು. ಸತ್ತ ಮೇಲೆ ಖಾಲಿ ಚಿಪ್ಪು ತೇಲಿ ದೂರ ಹೋಗಬಲ್ಲದು. ಒಂದೇ ಜಾತಿ ಖಂಡಖಂಡಗಳಲ್ಲಿ ಸಿಗುತ್ತದೆ. ಜೊತೆಗೆ ಒಂದೊಂದು ಜಾತಿಯೂ ಬಹಳ ಕಾಲ ಬಾಳಲಿಲ್ಲ. ಬೇಗ ಹುಟ್ಟಿ, ಬೇಗ ಹರಡಿ, ಬೇಗ ಅಳಿಯಿತು. ಕಾಲ ಹೇಳಲು ಇಂಥ ಜೀವಿಯೇ ಬೇಕು.

ಬಾಗ್‌ನ ಗಂಟುಗಂಟಾದ ಸುಣ್ಣಕಲ್ಲಿನಲ್ಲಿ ಪ್ಲಾಸೆಂಟಿಸೆರಾಸ್ ಎಂಬ ಚಪ್ಪಟೆ, ನುಣುಪು ಅಮೊನೈಟ್ ಸಿಗುತ್ತದೆ. 1908ರ ಹೊತ್ತಿಗೇ ಅರ್ನೆಸ್ಟ್ ವ್ರೆಡೆನ್‌ಬರ್ಗ್ ಬಾಗ್ ಅಮೊನೈಟ್‌ಗಳನ್ನು ವರ್ಣಿಸಿದ್ದ. ಇವುಗಳ ನೆಂಟರು ದಕ್ಷಿಣ ಆಫ್ರಿಕದಲ್ಲಿ, ಮಡಗಾಸ್ಕರಿನಲ್ಲಿ ಸಿಗುತ್ತಾರೆ. ಇನೊಸೆರಾಮಸ್ ಎಂಬ ಅಲೆಅಲೆ ಗೆರೆಯ ಚಿಪ್ಪುಗಳೂ ಜೊತೆಗಿವೆ. ಅವೂ ಬೇಗ ಬದಲಾಗುವ ಜಾತಿಗಳೇ. ಈಚಿನ ವರ್ಷಗಳಲ್ಲಿ ಕಾಶಿಯ ವಿಜ್ಞಾನಿಗಳು ಈ ಎರಡನ್ನೂ ಮತ್ತೆ ನೋಡಿ, ಗಂಟುಗಂಟಾದ ಸುಣ್ಣಕಲ್ಲು ಟ್ಯುರೋನಿಯನ್ ಎಂದು ಬರೆದಿದ್ದಾರೆ. ಅರ್ಚಿನ್ನಿಗೆ ಸ್ಮಿತ್ ಕೊಟ್ಟ ಕಾಲಕ್ಕೂ ಅದು ಹೊಂದುತ್ತದೆ. ಎರಡು ಬೇರೆ ಬೇರೆ ದಾರಿಯಲ್ಲಿ ಬಂದವರು ಒಂದೇ ಮನೆಯ ಬಾಗಿಲಿಗೆ ಬಂದರೆ ವಿಳಾಸ ಸರಿಯಿದೆ ಎಂದು ನಂಬಬಹುದು.

ಇನ್ನೊಂದು ಸಾಕ್ಷಿ ಅರ್ಚಿನ್ನಿನ ಹೊಟ್ಟೆಯಲ್ಲೇ ಇರಬಹುದು. ಪ್ರಾಣಿ ಸತ್ತ ಮೇಲೆ ಗೂಡಿನೊಳಗೆ ಕಡಲ ತಳದ ಕೆಸರು ತುಂಬಿಕೊಳ್ಳುತ್ತದೆ. ಆ ಕೆಸರನ್ನು ಬಿಡಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕಣ್ಣಿಗೆ ಕಾಣದ ಪಾಚಿಗಳ ಸುಣ್ಣದ ಬಿಲ್ಲೆಗಳು, ತೇಲುವ ಫೊರಾಮಿನಿಫೆರಾ ಎಂಬ ಪುಟ್ಟ ಜೀವಿಗಳ ಚಿಪ್ಪುಗಳು ಸಿಗಬಹುದು. ತೇಲುವ ಜೀವಿಗಳಾದ್ದರಿಂದ ಅವೂ ಒಳ್ಳೆಯ ಸಾಕ್ಷಿಗಳೇ. ಪಳೆಯುಳಿಕೆ ತೊಳೆಯುವಾಗ ಆ ಮಣ್ಣನ್ನು ಚರಂಡಿಗೆ ಬಿಡಬಾರದು ಎನ್ನುವುದು ಇದಕ್ಕೇ.

ಅಮೊನೈಟ್ ಟ್ಯುರೋನಿಯನ್ ಎಂದಿತು. ಇದು ಹೆಸರಾಯಿತು. ವರ್ಷದ ಲೆಕ್ಕ ಎಲ್ಲಿಂದ ಬಂತು? ಇದು ಕೊನೆಯ ಪ್ರಶ್ನೆ.

ಟ್ಯುರೋನಿಯನ್ ಹೆಸರು ಫ್ರಾನ್ಸಿನ ತುರೇನ್ ಪ್ರಾಂತ್ಯದಿಂದ ಬಂದದ್ದು. 1842ರಲ್ಲಿ ಆಲ್ಸಿದ್ ದೋರ್ಬಿನ್ಯಿ ಎಂಬ ಫ್ರೆಂಚ್ ವಿಜ್ಞಾನಿ ಇಟ್ಟ ಹೆಸರು. ಆಗ ಅವನಿಗೆ ವರ್ಷ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬುದಷ್ಟೇ ಗೊತ್ತಿತ್ತು. ವರ್ಷ ಹೇಳಲು ಜ್ವಾಲಾಮುಖಿ ಬೇಕಾಯಿತು. ಅಮೆರಿಕದ ಕೊಲರಾಡೋದಲ್ಲಿ ಪುಯೆಬ್ಲೊ ಎಂಬ ಊರಿದೆ. ಅದರ ಹತ್ತಿರದ ಕಣಿವೆಯಲ್ಲಿ ಅದೇ ಕಾಲದ ಕಡಲ ಸುಣ್ಣಕಲ್ಲಿದೆ. ಟ್ಯುರೋನಿಯನ್ ಎಲ್ಲಿ ಶುರುವಾಗುತ್ತದೆ ಎಂಬುದಕ್ಕೆ ಜಗತ್ತೆಲ್ಲ ಒಪ್ಪಿದ ಗಡಿಕಲ್ಲು ಅಲ್ಲಿದೆ. ಒಂದು ಅಮೊನೈಟ್ ಜಾತಿ ಮೊದಲು ಕಾಣಿಸಿಕೊಳ್ಳುವ ಪದರವೇ ಆ ಗಡಿ.

ಪುಯೆಬ್ಲೊದ ದೊಡ್ಡ ಅನುಕೂಲವೆಂದರೆ ಸುಣ್ಣಕಲ್ಲಿನ ಪದರಗಳ ನಡುವೆ ಜ್ವಾಲಾಮುಖಿ ಬೂದಿಯ ತೆಳು ಪದರಗಳಿವೆ. ಪಶ್ಚಿಮದ ಜ್ವಾಲಾಮುಖಿಗಳು ಸಿಡಿದಾಗ ಬೂದಿ ಗಾಳಿಯಲ್ಲಿ ಬಂದು ಕಡಲಿಗೆ ಬಿತ್ತು. ಈಗ ಅದು ಮೆತ್ತನೆ ಜೇಡಿಮಣ್ಣಾಗಿದೆ. ಅದರೊಳಗೆ ಸ್ಯಾನಿಡಿನ್ ಎಂಬ ಹರಳುಗಳಿವೆ. ಸ್ಯಾನಿಡಿನ್‌ನಲ್ಲಿ ಪೊಟ್ಯಾಶಿಯಂ ಇದೆ. ಪೊಟ್ಯಾಶಿಯಂನ ಒಂದು ಬಗೆ ನಿಧಾನವಾಗಿ ಕರಗುತ್ತದೆ. ಅರ್ಧ ಕರಗಲು ಸುಮಾರು 125 ಕೋಟಿ ವರ್ಷ ಬೇಕು. ಅದರಲ್ಲಿ ಒಂದು ಪಾಲು ಆರ್ಗಾನ್ ಅನಿಲವಾಗುತ್ತದೆ. ಲಾವಾ ಬಿಸಿಯಿದ್ದಾಗ ಆರ್ಗಾನ್ ತಪ್ಪಿಸಿಕೊಂಡು ಹೋಗಿರುತ್ತದೆ. ಹರಳು ಆರಿದ ಮೇಲೆ ಹುಟ್ಟಿದ ಆರ್ಗಾನ್ ಒಳಗೇ ಸೆರೆಯಾಗುತ್ತದೆ. ಹರಳನ್ನು ಲೇಸರ್ ಕಿರಣದಿಂದ ಕಾಯಿಸಿ, ಹೊರಬಂದ ಅನಿಲವನ್ನು ಅಳೆಯುತ್ತಾರೆ. ಹೀಗೆ ಗಡಿಯ ವಯಸ್ಸು ಸುಮಾರು 9 ಕೋಟಿ 40 ಲಕ್ಷ ವರ್ಷ ಎಂದು ಸಿಕ್ಕಿತು. ತಪ್ಪಿದರೆ ಒಂದೆರಡು ಲಕ್ಷ ವರ್ಷ ಆಚೆ ಈಚೆ. ಒಂಬತ್ತು ಕೋಟಿ ಮೀರಿದ ಲೆಕ್ಕದಲ್ಲಿ ಇಷ್ಟು ನಿಖರತೆ ಬಂದಿರುವುದು ನನಗೆ ಇವತ್ತಿಗೂ ಬೆರಗಿನ ವಿಷಯ.

ಈಗ ಸರಪಳಿ ಪೂರ್ತಿಯಾಯಿತು. ಕೊಲರಾಡೋದ ಬೂದಿ ಅಲ್ಲಿನ ಅಮೊನೈಟ್‌ಗಳಿಗೆ ವರ್ಷ ಕೊಟ್ಟಿತು. ಆ ಅಮೊನೈಟ್‌ಗಳ ಸಾಲಿನಲ್ಲಿ ಬಾಗ್ ಅಮೊನೈಟ್‌ಗೆ ಜಾಗ ಸಿಕ್ಕಿತು. ಅದೇ ಪದರದಲ್ಲಿದ್ದ ಅರ್ಚಿನ್ನಿಗೆ ವಯಸ್ಸು ಬಂತು. ಪುಣೆಯ ಬಸಾಲ್ಟ್ ಮೇಲಿನಿಂದ ಕಾವಲು ನಿಂತಿತು.

ಈ ಸರಪಳಿಯಲ್ಲಿ ಬೇಗ ತುಂಡಾಗುವ ಕೊಂಡಿ ಒಂದಿದೆ. ಅದು ಪಳೆಯುಳಿಕೆಯ ಜೊತೆಗಿಡುವ ಚೀಟಿ. ಹಳೆಯ ಸಂಗ್ರಹಗಳಲ್ಲಿ ಎಷ್ಟೋ ಚೀಟಿಗಳ ಮೇಲೆ ಊರಿನ ಹೆಸರು ಮಾತ್ರ ಇರುತ್ತದೆ. ಯಾವ ಪದರ, ತಳದಿಂದ ಎಷ್ಟು ಎತ್ತರ ಎಂಬುದು ಇರುವುದಿಲ್ಲ. ಅಂಥ ಅರ್ಚಿನ್ ಎಷ್ಟೇ ಚೆಂದವಿರಲಿ, ಅದಕ್ಕೆ ನೆರೆಯವರೇ ಇಲ್ಲ. ಸಾಕ್ಷಿ ಹೇಳುವವರು ಯಾರು? ಹೊಳಪು ಕೊಟ್ಟು ಅಂಗಡಿಯಲ್ಲಿ ಮಾರುವ ಪಳೆಯುಳಿಕೆಗಳ ಗತಿಯೂ ಇದೇ. ಅರಿಯಲೂರಿಗೋ ಬಾಗ್‌ಗೋ ಹೋಗುವ ವಿದ್ಯಾರ್ಥಿಗಳು ಈ ಭಾಷಣ ಕೇಳುತ್ತಿದ್ದರೆ ಅವರಿಗೆ ನನ್ನ ಬೇಡಿಕೆ ಇಷ್ಟೆ. ಕಲ್ಲಿಗೆ ಸುತ್ತಿಗೆ ತಾಗಿಸುವ ಮುಂಚೆ ಬರೆದುಕೊಳ್ಳಿ. ಹಳ್ಳದ ಹೆಸರು, ಪದರದ ಬಣ್ಣ, ಕೆಳಗೇನಿದೆ, ಮೇಲೇನಿದೆ, ಪಕ್ಕದಲ್ಲಿ ಯಾವ ಚಿಪ್ಪು ಇತ್ತು.

ಬಾಗ್‌ನಲ್ಲಿ ಆ ಬಗೆಯ ಕೆಲಸ ಇನ್ನೂ ಬಾಕಿಯಿದೆ. ಗಂಟುಗಂಟಾದ ಸುಣ್ಣಕಲ್ಲಿನ ವಯಸ್ಸಿನ ಮಾತು ಬಹುಮಟ್ಟಿಗೆ ಇತ್ಯರ್ಥವಾಗಿದೆ. ಅದರ ಮೇಲಿನ ಕೋರಲೈನ್ ಸುಣ್ಣಕಲ್ಲು ಟ್ಯುರೋನಿಯನ್‌ನಲ್ಲೇ ಮುಗಿಯುತ್ತದೆಯೇ, ಅದರ ಮುಂದಿನ ಕೊನಿಯೇಶಿಯನ್ ಕಾಲಕ್ಕೂ ದಾಟುತ್ತದೆಯೇ ಎಂಬ ಚರ್ಚೆ ನಡೆದೇ ಇದೆ. ಅಲ್ಲಿನ ಕಲ್ಲಿನಲ್ಲಿ ಅಮೊನೈಟ್ ಅಪರೂಪ. ಸಿಂಪಿಯ ದಪ್ಪ ಚಿಪ್ಪು ಕೆಡದೆ ಸಿಕ್ಕರೆ ಅದರ ಸ್ಟ್ರಾನ್ಶಿಯಂ ಅಳೆಯಬಹುದು. ಇನೊಸೆರಾಮಸ್ ಒಂದು ಮೇಲಿನ ಅಂಚಿನಿಂದ, ಎತ್ತರ ಬರೆದ ಚೀಟಿಯೊಂದಿಗೆ ಬಂದರೂ ಸಾಕು. ಅದರ ಪಕ್ಕದಲ್ಲಿ ಸಿಕ್ಕ ಅರ್ಚಿನ್‌ಗಳು ಯಾವ ಕಾಲದವೆಂದು ಆಗ ಬರೆದುಕೊಳ್ಳಬಹುದು.